ರಟ್ಟಿನ ಪೆಟ್ಟಿಗೆಗೆ ಹೋಗದ ಹಾಳೆಗಳು

ಅವಳಿಗಾಗಿ ವಾಚ್‌ಮನ್ ದಿನಾ ಒಂದು ಚೊಂಬು ನೀರು ತೆಗೆದಿಡುತ್ತಿದ್ದ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ ಎಂದರೆ ಈಗ ನನಗೇ ನಗು ಬರುತ್ತದೆ. ಅವಳಿದ್ದ ಹೇರೋಹಳ್ಳಿಯಲ್ಲಿ ಆಗ ರಸ್ತೆ ಎನ್ನುವುದು ಹೆಸರಿಗೆ ಮಾತ್ರ. ಹೊಸ ಸೈಟುಗಳ ನಡುವಿನ ಕೆಸರು ತುಳಿದು, ಬಸ್ಸು ಹಿಡಿದು, ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾಕ್ಕೆ ಬರುವ ಹೊತ್ತಿಗೆ ಅವಳ ಪಾದಗಳೆರಡೂ ಕೆಂಪಾಗಿರುತ್ತಿದ್ದವು. ಗೇಟಿನ ಪಕ್ಕ ಕಾಲು ತೊಳೆದು, ಕವರಿನಿಂದ ಒಣ ಚಪ್ಪಲಿ ತೆಗೆದು ಹಾಕಿಕೊಂಡು ಮೇಲೆ ಬರುತ್ತಿದ್ದಳು. ನಾನು ಕುರುಬರಹಳ್ಳಿಯಿಂದ ನಡೆದೇ ಬರುವವಳು. ನನಗೆ ಆ ನೀರಿನ ಅಗತ್ಯವೇ ಇರಲಿಲ್ಲ. ಆದರೂ ನನಗೇಕೆ ಯಾರೂ ಏನೂ ತೆಗೆದಿಡುವುದಿಲ್ಲ ಎಂದು ಮೆಟ್ಟಿಲು ಹತ್ತುತ್ತಾ ಉರಿದುಕೊಳ್ಳುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲಿ ಲೇತ್ ಮೆಷಿನ್‌ಗಳು, ಮೇಲಿನದರಲ್ಲಿ ನಾವು. ನಮ್ಮದು ಕಾರ್ಟೂನ್ ಬಿಡಿಸುವ ಸ್ಟುಡಿಯೊ. ವಿದೇಶದ ಒಂದು ಆಟಿಕೆ ಕಂಪನಿ ತನ್ನ ಆಟಿಕೆಗಳನ್ನು ಮಾರುವುದಕ್ಕೆಂದೇ ಟೀವಿ ಧಾರಾವಾಹಿ ಮಾಡಿಸುತ್ತಿತ್ತು. ಕಥೆ ಅವರದು, ಗೊಂಬೆ ಅವರದು, ಸಾವಿರಾರು ಹಾಳೆಗಳ ಮೇಲೆ ಪೆನ್ಸಿಲ್ ಸವೆಸುವುದು ನಮ್ಮದು. ಗೊಂಬೆಗಳೆಲ್ಲ ಕಾಲಿನ ಬದಲು ಚಕ್ರವಿದ್ದ ಪ್ರಾಣಿಗಳು. ಬೆನ್ನ ಮೇಲೆ ಕೀಲಿ ತಿರುಗಿಸುವ ಒಂದು ಹಿಡಿ. ಆನೆ ಅಳಲಿ, ಒಂಟೆ ಓಡಲಿ, ಆ ಹಿಡಿ ಮಾತ್ರ ಯಾವ ಚಿತ್ರದಲ್ಲೂ ಪೂರ್ತಿ ಮರೆಯಾಗಬಾರದು ಎಂಬುದು ಕಂಪನಿಯ ಕಟ್ಟಪ್ಪಣೆ. ಅಂಗಡಿಯಲ್ಲಿ ಮಗು ಗುರುತು ಹಿಡಿಯಬೇಕಲ್ಲ.

ನಾವಿಬ್ಬರೂ ಒಂದೇ ವಾರ ಸೇರಿದವರು. ನಾನು ಐದನೇ ಕ್ಲಾಸಿನಿಂದ ಡ್ರಾಯಿಂಗ್ ಕ್ಲಾಸಿಗೆ ಹೋದವಳು. ಮನೆಯ ಷೋಕೇಸಿನಲ್ಲಿ ಸ್ಪರ್ಧೆಗಳಲ್ಲಿ ಗೆದ್ದ ಏಳು ಕಪ್ಪುಗಳಿದ್ದವು. ಅವಳು ಗದಗದ ಕಡೆಯವಳು, ಅಣ್ಣನ ಜೊತೆ ಬೆಂಗಳೂರಿಗೆ ಬಂದವಳು. ಅಣ್ಣ ಲಾರಿಗಳಿಗೆ ನಂಬರ್ ಪ್ಲೇಟ್ ಬರೆಯುತ್ತಿದ್ದ, ಇವಳು ಪಕ್ಕದಲ್ಲಿ ಕೂತು ಬ್ರಷ್ ಹಿಡಿಯುತ್ತಿದ್ದಳು. ಅವಳು ಕಲಿತ ವಿದ್ಯೆ ಅಷ್ಟೇ. ಆದರೆ ಅವಳು ಎಳೆದ ಗೆರೆ ಎಲ್ಲೂ ನಡುಗುತ್ತಿರಲಿಲ್ಲ. ಒಂದೇ ಉಸಿರಿಗೆ ಆನೆಯ ಬೆನ್ನು, ಇನ್ನೊಂದಕ್ಕೆ ಹೊಟ್ಟೆ. ನಾನು ಅದೇ ಬೆನ್ನಿಗೆ ಮೂರು ಸಲ ರಬ್ಬರ್ ಉಜ್ಜಿರುತ್ತಿದ್ದೆ.

ನನಗಿದ್ದದ್ದು ಕಣ್ಣು. ಬಿಡಿಸಿದ ಹಾಳೆಗಳನ್ನು ಬೆರಳುಗಳ ಸಂದಿಯಲ್ಲಿ ಹಿಡಿದು ಪಟಪಟನೆ ಹೊರಳಿಸಿದರೆ ಗೊಂಬೆ ಚಲಿಸುತ್ತದೆ. ಅದರಲ್ಲಿ ಒಂದು ಹಾಳೆ ಕೂದಲೆಳೆಯಷ್ಟು ಆಚೀಚೆಯಾದರೂ ಚಲನೆ ಮುಗ್ಗರಿಸುತ್ತದೆ. ಅದಕ್ಕೆ ನಾವು ಜಿಗಿಯುವುದು ಎನ್ನುತ್ತಿದ್ದೆವು. ಯಾವ ಹಾಳೆ ಜಿಗಿಯುತ್ತಿದೆ ಎಂದು ಒಂದೇ ಸಲ ಹೊರಳಿಸಿ ಹೇಳಬಲ್ಲವಳು ಇಡೀ ಸ್ಟುಡಿಯೊದಲ್ಲಿ ನಾನೊಬ್ಬಳೇ. ಅವಳು ಪ್ರತಿ ಸೀನ್ ಮುಗಿಸಿದ ಮೇಲೂ ನನ್ನ ಮೇಜಿಗೆ ತರುತ್ತಿದ್ದಳು.

"ಅಕ್ಕಾ, ಬರೋಬರಿ ಐತೇನ್ ನೋಡ್ರಿ."

"ಹನ್ನೊಂದನೇದು ಜಿಗೀತಿದೆ ಕಣೇ. ಕಿವಿ ನೋಡು."

ಅವಳು ಹೋಗಿ ತಿದ್ದಿ ತರುತ್ತಿದ್ದಳು. ನಾನು ಹೇಳಿದ್ದು ಒಂದು ಸಲವೂ ತಪ್ಪಿರಲಿಲ್ಲ, ಅವಳು ಒಂದು ಸಲವೂ ವಾದಿಸಿರಲಿಲ್ಲ. ಆ ಮಟ್ಟಿಗೆ ನಾನು ಅವಳಿಗೆ ಗುರುವೇ. ಗುರುವಿನ ಸ್ಥಾನ ಎಷ್ಟು ಹಾಯಾಗಿರುತ್ತದೆ ಎಂದರೆ, ಶಿಷ್ಯೆ ಮುಂದೆ ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ.

ಒಂದು ವರ್ಷ ತುಂಬುವಷ್ಟರಲ್ಲಿ ಅವಳನ್ನು ಮುಖ್ಯ ಚಿತ್ರಗಳನ್ನು ಬಿಡಿಸುವ ಸಾಲಿಗೆ ಹಾಕಿದರು. ಗೊಂಬೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂದು ತೀರ್ಮಾನಿಸುವವರು ಆ ಸಾಲಿನವರು. ನಡುವಿನ ಹಾಳೆಗಳನ್ನು ತುಂಬುವವರು ಉಳಿದವರು. ನಮ್ಮ ಸೂಪರ್‌ವೈಸರ್ ಸಾರ್ ನನ್ನನ್ನು ಕರೆದು, "ನಿಮ್ಮ ಕಣ್ಣು ತುಂಬಾ ಚೆನ್ನಾಗಿದೆ. ಕೈ ಸ್ವಲ್ಪ ಸ್ಲೋ. ನೀವು ಆರ್ಕೈವ್ ನೋಡ್ಕೊಳಿ," ಎಂದರು. ಅವರು ಆರ್ಕೈವ್ ಎಂದದ್ದನ್ನು ನಾವೆಲ್ಲ ಗೋಡೌನು ಎನ್ನುತ್ತಿದ್ದೆವು. ಕಬ್ಬಿಣದ ರ‍್ಯಾಕುಗಳ ತುಂಬ ಮುಗಿದ ಸೀನುಗಳ ಕಟ್ಟುಗಳು, ನುಸಿಗುಳಿಗೆ ವಾಸನೆ, ಒಂದು ಬೀರು. ಬೀರುವಿನಲ್ಲಿ ಕಂಪನಿ ಕಳಿಸಿದ ನಿಜವಾದ ಗೊಂಬೆಗಳು. ಬಿಡಿಸುವವರು ನನ್ನ ರಿಜಿಸ್ಟರಿನಲ್ಲಿ ಸಹಿ ಮಾಡಿ ಗೊಂಬೆ ಒಯ್ಯಬೇಕು, ಸಂಜೆ ತಂದು ಕೊಡಬೇಕು. ಅತಿ ಹೆಚ್ಚು ಸಹಿ ಅವಳದೇ. ಆಯುಧಪೂಜೆಯ ದಿನ ಗೊಂಬೆಗಳಿಗೆಲ್ಲ ಕುಂಕುಮ ಇಟ್ಟವಳು ನಾನು, ಫೋಟೋದಲ್ಲಿ ಒಂಟೆ ಹಿಡಿದು ನಿಂತವಳು ಅವಳು.

ಎರಡು ವರ್ಷ ಹೀಗೆ ನಡೆಯಿತು. ಪ್ರತಿ ಕಟ್ಟಿನ ಮೇಲೂ ನಾನೇ ಚೀಟಿ ಅಂಟಿಸಿ ಕಂತಿನ ಸಂಖ್ಯೆ, ಸೀನಿನ ಸಂಖ್ಯೆ, ಬಿಡಿಸಿದವರ ಹೆಸರು ಬರೆಯುತ್ತಿದ್ದೆ. ಅವಳ ಹೆಸರನ್ನು ವಾರಕ್ಕೆ ಏಳೆಂಟು ಸಲ ಬರೆಯಬೇಕಿತ್ತು. ಕಟ್ಟುವ ಮುಂಚೆ ಒಂದು ಸಲ ಹೊರಳಿಸಿ ನೋಡುತ್ತಿದ್ದೆ. ಎಲ್ಲಾದರೂ ಜಿಗಿಯಲಿ ಎಂದು ಕಾಯುತ್ತಿದ್ದೆ ಎನ್ನುವುದೇ ಸರಿ. ಮೊದಲ ವರ್ಷ ಆಗಾಗ ಸಿಗುತ್ತಿತ್ತು. ಆಮೇಲೆ ಸಿಗುವುದು ನಿಂತೇ ಹೋಯಿತು. ಅವಳು ಮಾತ್ರ ಬಂದು ಕೇಳುವುದನ್ನು ಬಿಡಲಿಲ್ಲ. ನಾನು "ಸರಿಯಿದೆ" ಎಂದರೆ ಮಾತ್ರ ಸಾರ್ ಹತ್ತಿರ ಒಯ್ಯುತ್ತಿದ್ದಳು. ಸಾರ್ ಹೊಗಳಿಕೆ ಅವಳಿಗೆ ಬೇಕಿರಲಿಲ್ಲ. ನನ್ನ ಮಾತು ಬೇಕಿತ್ತು. ಅದಾದರೂ ಖುಷಿ ಕೊಡಬೇಕಿತ್ತಲ್ಲವೇ? ಕೊಡಲಿಲ್ಲ. ದೊಡ್ಡವರಿಗೆ ದೊಡ್ಡತನ ಸುಲಭ ಎಂದು ಅದಕ್ಕೂ ಕರುಬಿದೆ.

ಧಾರಾವಾಹಿ ಮುಗಿಯಿತು. ಕಂಪನಿಯಿಂದ ಎರಡು ಪುಟದ ಪತ್ರ ಬಂತು. ಒಂದೇ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಅತ್ಯುತ್ತಮ ಸೀನುಗಳ ಮೂಲ ಹಾಳೆಗಳನ್ನು ಆರಿಸಿ ಕಳಿಸಬೇಕು. ಅವನ್ನು ಅವರು ತಮ್ಮ ಸಂಗ್ರಹದಲ್ಲಿ ಬಿಡಿಸಿದವರ ಹೆಸರಿನ ಸಮೇತ ಕಾಯಂ ಆಗಿ ಇಡುತ್ತಾರೆ. ಉಳಿದದ್ದೆಲ್ಲ ನಾಶವಾಗಬೇಕು. ಒಂದು ಹಾಳೆಯೂ ಯಾರ ಮನೆಗೂ ಹೋಗಬಾರದು. ಪ್ರತಿಯೊಂದನ್ನೂ ನಾಲ್ಕು ಚೂರಾಗಿ ಹರಿದು, ಹರಿಯುವ ಫೋಟೋ ತೆಗೆದು ಕಳಿಸಬೇಕು. ಯಾರಾದರೂ ಚಿತ್ರ ನೋಡಿ ನಕಲಿ ಗೊಂಬೆ ಮಾಡಿಬಿಟ್ಟರೆ ಎಂಬ ಹೆದರಿಕೆ ಅವರಿಗೆ.

ಸಾರ್ ಪತ್ರವನ್ನು ನನ್ನ ಕೈಗೇ ಕೊಟ್ಟರು. "ಹೊಸ ಸೀರಿಯಲ್ ತಲೆ ತಿಂತಾ ಇದೆ. ಆರಿಸೋದು ನಿಮ್ಮ ಕಣ್ಣಿಗೆ ಬಿಟ್ಟಿದೀನಿ. ಲಿಸ್ಟ್ ಕೊಡಿ, ಸಹಿ ಹಾಕ್ತೀನಿ."

ಹೊಸ ಧಾರಾವಾಹಿಗೆ ತಂಡದ ಮುಖ್ಯಸ್ಥರನ್ನು ಆರಿಸಲು ಅದೇ ತಿಂಗಳು ಒಂದು ಪರೀಕ್ಷೆಯಿತ್ತು. ಇಡೀ ಸ್ಟುಡಿಯೊ ಅವಳೇ ಆಗುವುದು ಎನ್ನುತ್ತಿತ್ತು. ಅವಳು ಮಾತ್ರ ಗೋಡೌನಿಗೆ ಬಂದು, ರ‍್ಯಾಕಿಗೆ ಒರಗಿ ನಿಂತಳು.

"ಅಕ್ಕಾ, ನನ್ನದು ಒಂದಾದ್ರೂ ಹೋಗತೈತೇನ್ರಿ ಪೆಟ್ಟಿಗ್ಯಾಗ?"

"ನೋಡ್ತೀನಿ. ಇನ್ನೂ ಶುರು ಮಾಡಿಲ್ಲ."

"ಒಂದು ಹೋದ್ರೂ ಸಾಕ್ರಿ, ಪರೀಕ್ಷಾಕ್ಕ ಕುಂದರತೀನಿ. ಎರಡು ವರ್ಷದಾಗ ಒಂದೂ ಛಲೋ ಬಂದಿಲ್ಲಂದ್ರ, ಮಂದಿಗೆ ನಾ ಏನ್ ಹೇಳಿಕೊಡ್ಲಿ? ಸುಮ್ನ ಬಣ್ಣ ತುಂಬೋ ಕಡೆ ಹೋಗ್ತೀನಿ. ನೀವು ಆರಿಸ್ತೀರಿ ಅಂತ ಕೇಳಿ ಜೀವಕ್ಕ ಸಮಾಧಾನ ಆತು. ಬ್ಯಾರೇದಾರಾದ್ರ ಹೆಸರು ನೋಡಿ ಆರಿಸ್ತಿದ್ರು."

ಬೇಕೆಂದೇ ಚುಚ್ಚಿದಂಥ ಮಾತು. ಆದರೆ ಅವಳಿಗೆ ಬೇಕೆಂದು ಮಾತಾಡುವುದೇ ಗೊತ್ತಿರಲಿಲ್ಲ. ಅದೂ ನನಗೆ ಸಹಿಸಲಾಗದ ಗುಣವೇ.

ನಾಲ್ಕು ದಿನ ಆರಿಸಿದೆ. ಪೆಟ್ಟಿಗೆಯಲ್ಲಿ ಅರವತ್ತು ಕಟ್ಟು ಹಿಡಿಯುತ್ತಿತ್ತು. ಮೊದಲ ದಿನ ನ್ಯಾಯವಾಗಿಯೇ ಕೂತೆ. ಹೊರಳಿಸಿದೆ, ನೋಡಿದೆ, ಬದಿಗಿಟ್ಟೆ. ಸಂಜೆ ಎಣಿಸಿದರೆ ಬದಿಗಿಟ್ಟ ಇಪ್ಪತ್ತರಲ್ಲಿ ಹದಿಮೂರು ಅವಳವು. ಆ ಹದಿಮೂರರ ಚೀಟಿಗಳಲ್ಲೂ ನನ್ನದೇ ಕೈಬರಹದಲ್ಲಿ ಅವಳ ಹೆಸರು. ಅವಳ ಹೆಸರು ಸಮುದ್ರ ದಾಟಿ ಯಾವುದೋ ತಂಪು ಕೋಣೆಯ ಕಪಾಟಿನಲ್ಲಿ ಕಾಯಂ ಆಗಿ ಕೂರುತ್ತದೆ, ಬರೆದ ಕೈ ನುಸಿಗುಳಿಗೆ ವಾಸನೆಯಲ್ಲಿ ಇಲ್ಲೇ ಉಳಿಯುತ್ತದೆ. ಅವಳದೊಂದು ಕಟ್ಟನ್ನು ತೆಗೆದು ಹಿಂದಕ್ಕಿಟ್ಟೆ. ಹದಿಮೂರು ಜಾಸ್ತಿಯಾಯಿತು, ಬೇರೆಯವರದೂ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ದಿನ ಐದು ತೆಗೆದೆ. ನಾಲ್ಕನೆಯ ದಿನ ಉಳಿದದ್ದು ಒಂದೇ.

ಆ ಒಂದನ್ನು ಬಿಡಬಹುದಿತ್ತು. ಅವಳು ಕೇಳಿದ್ದು ಒಂದನ್ನೇ. ಆ ಜಾಗದಲ್ಲಿ ನಾನು ಮೊದಲ ವರ್ಷ ನಡುವಿನ ಹಾಳೆ ತುಂಬಿದ್ದ ಒಂದು ಸೀನು ಇಟ್ಟೆ. ಮೊಲ ತಲೆಯಾಡಿಸುವುದು. ಅದರಲ್ಲಿ ನಾಲ್ಕನೆಯದು ಜಿಗಿಯುತ್ತದೆ, ನನಗೆ ಗೊತ್ತು. ಪಟ್ಟಿಯಲ್ಲಿ ಬರೀ ಸೀನಿನ ಸಂಖ್ಯೆಗಳಿದ್ದವು, ಹೆಸರಿರಲಿಲ್ಲ. ಸಾರ್ ನಿಂತಲ್ಲೇ ಸಹಿ ಹಾಕಿದರು.

ಹರಿಯುವ ಕೆಲಸ ಶನಿವಾರ ಇಟ್ಟುಕೊಂಡರು. ಇಲ್ಲಿ ನಾನೊಂದು ತಪ್ಪು ಲೆಕ್ಕ ಹಾಕಿದ್ದೆ. ಕೆಳಗಿನ ಹೆಲ್ಪರುಗಳು ಹರಿಯುತ್ತಾರೆ, ಯಾರ ಹಾಳೆ ಯಾವುದು ಎಂದು ಅವರಿಗೇನು ಗೊತ್ತು ಎಂದುಕೊಂಡಿದ್ದೆ. ಆದರೆ ಫೋಟೋದಲ್ಲಿ ಸ್ಟುಡಿಯೊದವರೇ ಕಾಣಬೇಕು ಎಂದು ಕಂಪನಿ ಹೇಳಿತಂತೆ. ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ, ಚಾಪೆ ಹಾಸಿ, ನಲವತ್ತು ಜನ ನೆಲದ ಮೇಲೆ ಕೂತೆವು. ಮದುವೆ ಮನೆಯಲ್ಲಿ ತರಕಾರಿ ಹೆಚ್ಚಲು ಕೂತ ಹಾಗಿತ್ತು. ಕಟ್ಟು ಬಿಚ್ಚುವುದು, ಹರಿಯುವುದು, ಗೋಣಿಚೀಲಕ್ಕೆ ತುಂಬುವುದು. ಮಧ್ಯೆ ಯಾರದಾದರೂ ಕಾಲು ಹಾಳೆಗೆ ತಗುಲಿದರೆ ಅವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಹರಿಯುತ್ತಿದ್ದರು. ಕ್ಯಾಮೆರಾ ಹಿಡಿದಿದ್ದ ಸಾರ್, "ನಮಸ್ಕಾರ ಮಾಡ್ಬೇಡ್ರಪ್ಪ, ಫೋಟೋ ನೋಡಿ ಅವರು ಏನೋ ಅನ್ಕೋತಾರೆ," ಎಂದು ಬೇಡಿಕೊಳ್ಳುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಅವಳು ನನ್ನ ಪಕ್ಕದಲ್ಲೇ ಬಂದು ಕೂತಳು. ಮೊದಲ ಕಟ್ಟು ಬೇರೆಯವರದು. ಎರಡನೆಯದು ಅವಳದು. ಚೀಟಿ ನೋಡಿ ಪಕ್ಕಕ್ಕಿಟ್ಟಳು. ಮೂರು ಕಟ್ಟು ಬಿಟ್ಟು ಮತ್ತೆ ಅವಳದು, ಅದರ ಕೆಳಗಿನದೂ ಅವಳದೇ. ರಾಶಿಯನ್ನು ತಾನೇ ಎಳೆದುಕೊಂಡು ಚೀಟಿಗಳನ್ನಷ್ಟೇ ಓದುತ್ತ ಹೋದಳು. ಉಳಿದ ರಾಶಿಗಳನ್ನೂ ನೋಡಿ, ತನ್ನ ಸೀನುಗಳನ್ನು ಎಣಿಸಿ ಬಂದಳು. ಕೊನೆಗೆ ತನ್ನವನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಳು.

"ಒಂದೂ ಹೋಗಿಲ್ಲಲ್ರಿ, ಅಕ್ಕಾ."

"ಜಾಗ ಕಮ್ಮಿ ಇತ್ತು ಕಣೇ," ಎಂದೆ.

ಅವಳು ತಲೆಯಾಡಿಸಿದಳು. ಸಿಟ್ಟು ಮಾಡಿಕೊಂಡಿದ್ದರೆ, ಸಾರ್ ಹತ್ತಿರ ಹೋಗಿ ಪಟ್ಟಿ ತೋರಿಸಿ ಎಂದು ಕೇಳಿದ್ದರೆ, ಈ ಪಾಪದಿಂದ ನಾನು ಉಳಿದುಕೊಳ್ಳುತ್ತಿದ್ದೆ. ಪೆಟ್ಟಿಗೆ ಇನ್ನೂ ಕೆಳಗೇ ಇತ್ತು, ಸೋಮವಾರ ಹೋಗುವುದಿತ್ತು. ಅವಳು ಕೇಳಲಿಲ್ಲ. ಒಂದೊಂದೇ ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ, ಮಡಿಸಿ, ನೀಟಾಗಿ ಹರಿಯತೊಡಗಿದಳು. ಹರಿಯುವುದರಲ್ಲೂ ಅವಳ ಕೈ ನಡುಗಲಿಲ್ಲ. ನಾನು ಹರಿದವು ಅಡ್ಡಾದಿಡ್ಡಿಯಾಗಿದ್ದವು.

ಒಂಟೆಯದೊಂದು ಕಟ್ಟು ಬಂತು. ಮುದಿ ಒಂಟೆ, ಕೀಲಿ ಮುಗಿಯುತ್ತ ಬಂದು, ಚಕ್ರಗಳನ್ನು ಹೊಟ್ಟೆಯಡಿಗೆ ಮಡಚಿಕೊಂಡು ಕೂತುಕೊಳ್ಳುವುದು. ಹದಿನಾಲ್ಕು ಹಾಳೆ, ನಡುವಿನವನ್ನೂ ಅವಳೇ ಬಿಡಿಸಿದ್ದಳು. ಅವಳು ಅದನ್ನು ಹರಿಯಲಿಲ್ಲ. ಬೆರಳ ಸಂದಿಯಲ್ಲಿ ಹಿಡಿದು ಹೊರಳಿಸಿದಳು, ಮತ್ತೆ ಹೊರಳಿಸಿದಳು, ನನ್ನ ಕೈಗೆ ಕೊಟ್ಟಳು.

"ಇದರಾಗ ಯಾವುದು ಜಿಗಿತೈತ್ರಿ ಅಕ್ಕಾ? ಭಾಳ ಹುಡುಕಿದ್ನಿ. ನನಗ ಕಾಣವಲ್ದು."

ನಾನೂ ಹೊರಳಿಸಿದೆ. ಒಂಟೆ ಕುತ್ತಿಗೆ ಬಾಗಿಸಿತು, ಮುಂದಿನ ಚಕ್ರ ಮಡಚಿತು, ಒಮ್ಮೆ ಏಳಲು ನೋಡಿ, ಆಗದೆ, ಮೆಲ್ಲಗೆ ಕೂತಿತು. ಆ ಸ್ಟುಡಿಯೊದಲ್ಲಿ ಮೂರು ವರ್ಷ ಬಿಡಿಸಿದ್ದರಲ್ಲೆಲ್ಲ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಪೆಟ್ಟಿಗೆಯಿಂದ ನಾನು ಕೊನೆಗೆ ತೆಗೆದದ್ದು ಅದನ್ನೇ. ನಿಜ ಹೇಳುವುದಕ್ಕೆ ಬಾಯಿ ತೆರೆದೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅಷ್ಟು ನಂಬಿ ನೋಡುತ್ತಿದ್ದಳು, ನನಗೆ ಒಳಗೊಳಗೇ ಖುಷಿಯಾಯಿತು.

"ಒಂಬತ್ತನೇದು," ಎಂದೆ.

ಅವಳು ಒಂಬತ್ತನೆಯದನ್ನು ಎಳೆದು ತೆಗೆದಳು. ಕಿಟಕಿಯ ಬೆಳಕಿಗೆ ಹಿಡಿದಳು. ಎಂಟನೆಯದರ ಮೇಲಿಟ್ಟು ನೋಡಿದಳು, ಹತ್ತನೆಯದರ ಮೇಲಿಟ್ಟು ನೋಡಿದಳು. ತುಂಬ ಹೊತ್ತು ನೋಡಿದಳು.

"ಹೌದ್ರಿ," ಎಂದಳು. "ಈಗ ಕಾಣಾಕತ್ತೈತಿ."

ಹದಿನಾಲ್ಕನ್ನೂ ಒಟ್ಟಿಗೆ ಹಿಡಿದು ಹರಿಯಲು ನೋಡಿದಳು. ದಪ್ಪವಾಗಿತ್ತು, ಹರಿಯಲಿಲ್ಲ. ಅರ್ಧ ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹರಿದೆವು.

ಪರೀಕ್ಷೆಗೆ ಅವಳು ಕೂರಲಿಲ್ಲ. ಸಾರ್ ಎಷ್ಟು ಹೇಳಿದರೂ ಒಪ್ಪದೆ, ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಕಡೆ ಹೋಗಿ ಸೇರಿಕೊಂಡಳು. ಸಾರ್ ನನ್ನನ್ನೂ ಕೇಳಿದರು, ಏನಾಯಿತು ಇವಳಿಗೆ ಎಂದು. ಗೊತ್ತಿಲ್ಲ ಸಾರ್ ಎಂದೆ. ಆಮೇಲೂ ಒಂದೂವರೆ ವರ್ಷ ನಾವಿಬ್ಬರೂ ಅದೇ ಕಟ್ಟಡದಲ್ಲಿದ್ದೆವು, ದಿನಾ ಮಧ್ಯಾಹ್ನ ಎದುರುಬದುರು ಕೂತು ಡಬ್ಬಿ ಬಿಚ್ಚಿ ಉಂಡೆವು, ಅವಳು ತಂದ ಶೇಂಗಾ ಚಟ್ನಿಯನ್ನು ನಾನು ತಿಂದೆ. ಒಂಬತ್ತನೆಯ ಹಾಳೆಯಲ್ಲಿ ಏನೂ ತಪ್ಪಿರಲಿಲ್ಲ ಎಂದು ಹೇಳಲು ಅಷ್ಟು ದಿನಗಳಿದ್ದವು. ಹೇಳಲಿಲ್ಲ.