ಬರ್ಫದ ಪೆಟ್ಟಿಗೆಯ ಬಡಿತ

ದೆವ್ವ ಹೊಕ್ಕಿದೆ, ಮಾಟ ಮಾಡಿಸಿದ್ದಾರೆ ಎಂಬ ಮಾತು ಕೇಳಿದರೆ ನನಗೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ. ನಾನು ನೋಡಿದ ಮಟ್ಟಿಗೆ ಅಂಥ ಮಾತಿನ ಕೊನೆಗೆ ಏಟು ತಿನ್ನುವವರು ಯಾರೋ ಬಡವರೇ ಆಗಿರುತ್ತಾರೆ. ಆದ್ದರಿಂದ ಮುಂದೆ ಹೇಳುವುದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಕಿವಿಗೆ ಬಿದ್ದದ್ದನ್ನು, ಕಣ್ಣಿಗೆ ಕಂಡದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನಾನು ಸಿಕಂದರಾಬಾದಿನಲ್ಲಿ ಕೆಲಸ ಕಲಿತು ಮಸ್ಕಿಗೆ ಮರಳಿ, ಗ್ಯಾಸ್ ಬತ್ತಿ, ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದೆ. ಒಂದು ಬೇಸಿಗೆಯಲ್ಲಿ ಲಿಂಗಸುಗೂರಿನ ಹೆಂಡದ ಗುತ್ತೇದಾರರೊಬ್ಬರ ಮನೆಯಿಂದ ಕರೆ ಬಂತು. ಅವರ ಬರ್ಫದ ಪೆಟ್ಟಿಗೆ, ಅಂದರೆ ಮಂಜುಗಡ್ಡೆ ಕಟ್ಟುವ ಪೆಟ್ಟಿಗೆ, ಸದ್ದು ಮಾಡುತ್ತಿದೆಯಂತೆ.

ಇಂದಿನವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಈಗಿನ ಫ್ರಿಜ್ಜು ಗುಂಯ್ ಎನ್ನುತ್ತಲೇ ಇರುತ್ತದೆ. ಆದರೆ ಆ ಮನೆಯಲ್ಲಿ ಆಗ ಕರೆಂಟೇ ಇರಲಿಲ್ಲ. ಪೆಟ್ಟಿಗೆ ನಡೆಯುತ್ತಿದ್ದುದು ಸೀಮೆಎಣ್ಣೆಯ ದೀಪದಿಂದ. ಕೆಳಗೆ ದೀಪ ಉರಿಯಬೇಕು, ಹಿಂದಿನ ಕೊಳವೆಗಳಲ್ಲಿದ್ದ ದ್ರವ ಅದರ ಕಾವಿಗೆ ಆವಿಯಾಗಿ ಸುತ್ತಬೇಕು, ಒಳಗೆ ತಂಪಾಗಬೇಕು. ಮೋಟಾರಿಲ್ಲ, ಗಾಲಿಯಿಲ್ಲ, ಅಲುಗಾಡುವ ಒಂದು ತುಣುಕೂ ಇಲ್ಲ. ತೀರಾ ಆದರೆ ಕೊಳವೆ ಗುಳುಗುಳು ಎಂದೀತು. ಇದು ಹಾಗಲ್ಲ, ಬಡಿಯುತ್ತದೆ ಎಂದು ಕರೆಯಲು ಬಂದವನು ಹೇಳಿದ.

ಬಸ್ಸಿಳಿದು ಆ ಮನೆ ಸೇರುವಾಗ ಬಿಸಿಲೇರಿತ್ತು. ಧಣಿ ಪಡಸಾಲೆಯಲ್ಲಿ ಕೂತು ಶರಬತ್ತು ಕುಡಿಯುತ್ತಿದ್ದರು. ಪೆಟ್ಟಿಗೆಯ ವಿಷಯ ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಪಾತ್ರೆ ತಿಕ್ಕುವ ನಿಂಗಮ್ಮ ಮಾಟ ಮಾಡಿಸಿದ್ದಾಳೆ. ಮೂರ್ನಾಲ್ಕು ದಿನದ ಹಿಂದೆ ಅವಳು ಏನೋ ಕೇಳಿದಳು, ಧಣಿಯ ಹೆಂಡತಿ ಇಲ್ಲವೆಂದರು, ಅಂದಿನಿಂದಲೇ ಬಡಿತ ಶುರುವಾಯಿತು.

"ಯಂತ್ರದಾಗ ಏನೂ ದೋಷಿಲ್ಲಂತ ನಾಕು ಮಂದಿ ಮುಂದ ನೀ ಹೇಳು, ಸಾಕು," ಎಂದರು ಧಣಿ. "ಮುಂದಿಂದು ಪೊಲೀಸ್ ಪಟೇಲ ನೋಡಿಕೊಂತಾನ."

ನನ್ನನ್ನು ಕರೆಸಿದ್ದು ರಿಪೇರಿಗಲ್ಲ, ಸಾಕ್ಷಿಗೆ. ಇದು ತಿಳಿದಾಗ ನನ್ನ ಮೈ ಉರಿದುಹೋಯಿತು. ದೋಷ ಹುಡುಕಿ ತೆಗೆದೇ ತೀರುತ್ತೇನೆ, ಇವರ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡು ಅಡುಗೆಮನೆಗೆ ಹೋದೆ.

ಬಡಿತ ನಿಜವಾಗಿಯೂ ಇತ್ತು. ಟಕ್ ಟಕ್, ಸ್ವಲ್ಪ ಬಿಡುವು, ಮತ್ತೊಂದು ಟಕ್. ಬೆರಳ ಗೆಣ್ಣಿನಿಂದ ಹಲಗೆ ತಟ್ಟಿದ ಹಾಗೆ. ಮೊದಲು ಪೆಟ್ಟಿಗೆ ಸಮವಾಗಿ ಕೂತಿದೆಯೇ ನೋಡಿ, ಒಂದು ಕಾಲಿನ ಕೆಳಗೆ ಚಕ್ಕೆ ಕೊಟ್ಟೆ. ಬತ್ತಿ ಕತ್ತರಿಸಿದೆ, ಹೊಗೆಕೊಳವೆಯ ಮಸಿ ತೆಗೆದೆ. ಬಡಿತ ನಿಲ್ಲಲಿಲ್ಲ. ಬಾಟಲಿಗಳು ಒಂದಕ್ಕೊಂದು ತಾಗುತ್ತಿರಬೇಕೆಂದು ಎಲ್ಲವನ್ನೂ ಹೊರಗಿಟ್ಟೆ, ತಟ್ಟೆಗಳನ್ನು ಕಳಚಿದೆ. ಗೋಡೆಯಲ್ಲಿ ಇಲಿ ಇದ್ದೀತೆಂದು ದೀಪ ಆರಿಸಿ, ಆಳುಗಳಿಂದ ಪೆಟ್ಟಿಗೆಯನ್ನು ಎತ್ತಿಸಿ ಅಂಗಳದ ನಡುವೆ ಇಡಿಸಿದೆ. ಬರ್ಫ ತುಂಬಿದ ಅಚ್ಚೊಂದನ್ನು ಬಿಟ್ಟು ಒಳಗೆ ಏನೂ ಇರಲಿಲ್ಲ. ಬಾಗಿಲು ಪೂರಾ ತೆರೆದಿತ್ತು, ಉರಿಬಿಸಿಲು ಒಳಗೆ ಬೀಳುತ್ತಿತ್ತು. ನಾವೆಲ್ಲ ನೋಡುತ್ತಿದ್ದಂತೆ ಆ ಬರಿದಾದ ಪೆಟ್ಟಿಗೆಯಿಂದಲೇ ಬಂತು, ಟಕ್ ಟಕ್, ಟಕ್. ಆಳುಗಳು ಹಿಂದೆ ಸರಿದರು. ನಿಜ ಹೇಳುತ್ತೇನೆ, ಅವರೊಡನೆ ನಾನೂ ಸರಿದೆ.

ನಿಂಗಮ್ಮ ಬಾವಿಯ ಹತ್ತಿರ ಕೂತು ಪಾತ್ರೆ ತಿಕ್ಕುತ್ತಿದ್ದಳು. ತಲೆ ಎತ್ತಿರಲಿಲ್ಲ. ನಾನು ಹೋಗಿ, ಏನು ಕೇಳಿದೆಯವ್ವಾ ಇವರನ್ನ ಎಂದೆ.

"ಮಗಳಿಗೆ ಜ್ವರ ಬಂದು ಎಚ್ಚರಿಲ್ಲದ ಬಿದ್ದಾಳ ತಮ್ಮಾ. ತಲಿಗೆ ಬರ್ಫ ಇಡು ಅಂದ್ರು ದವಾಖಾನ್ಯಾಗ. ಒಂದು ಹಳಕು ಕೊಡ್ರಿ ಅಂದೆ. ಆಳಿನ ತಲಿಗೆ ಇಡಾಕ ತಂದಿಲ್ಲ ಅಂದ್ರು."

ಆಗ ನನಗೆ ಬಂದ ಸಿಟ್ಟು ಇಷ್ಟು ವರ್ಷದ ಮೇಲೂ ಆರಿಲ್ಲ. ಆ ಮಗಳು ಹನುಮವ್ವ ಜ್ವರ ಬರುವವರೆಗೂ ಅದೇ ಅಡುಗೆಮನೆಯಲ್ಲಿ ದುಡಿದವಳು. ಶರಬತ್ತಿಗೆ ಬರ್ಫವಿತ್ತು, ಅವಳಿಗೆ ಇರಲಿಲ್ಲ. ಮೇಲಿಂದ ಮಾಟದ ಹೊರೆ. ರಿಪೇರಿಯಾಗಬೇಕಾದರೆ ಬರ್ಫ ಹೊರಗೆ ಹೋಗಲೇಬೇಕು ಎಂದು ಗಟ್ಟಿಯಾಗಿ ಹೇಳಿ, ಯಾರ ಅಪ್ಪಣೆಗೂ ಕಾಯದೆ ಅಚ್ಚನ್ನು ಕಿತ್ತು ಹೆಗಲ ಪಂಚೆಯಲ್ಲಿ ಸುತ್ತಿಕೊಂಡು ನಿಂಗಮ್ಮನ ಹಿಂದೆ ನಡೆದೆ.

ಅವರ ಗುಡಿಸಲು ಹಿತ್ತಿಲಾಚೆ, ಬೇವಿನ ಮರಗಳನ್ನು ದಾಟಿ, ಬಂಡಿಗಳು ನಿಲ್ಲುವ ಬಯಲಿನ ಅಂಚಿನಲ್ಲಿತ್ತು. ಅಲ್ಲಿಂದ ಕೂಗಿದರೂ ಮನೆಗೆ ಕೇಳುವಂತಿರಲಿಲ್ಲ. ಹನುಮವ್ವ ಹೊರಸಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಮುಖ ಕೆಂಡವಾಗಿತ್ತು. ಅವಳ ಬಲಗೈ ಕೆಳಗೆ ಜೋತುಬಿದ್ದಿತ್ತು. ಅದರ ಗೆಣ್ಣು ಹೊರಸಿನ ಕಾಲಿಗೆ ತಟ್ಟುತ್ತಿತ್ತು. ಟಕ್ ಟಕ್, ಸ್ವಲ್ಪ ಬಿಡುವು, ಟಕ್.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಿಂಗಮ್ಮ ನನ್ನ ಕೈಯಿಂದ ಗಂಟು ಕಿತ್ತುಕೊಂಡು ಮಗಳ ಹಣೆಗೆ ಒತ್ತಿದಳು. ತುಸು ಹೊತ್ತಿನಲ್ಲಿ ಆ ಕೈ ಸುಮ್ಮನಾಯಿತು.

ಮರಳಿ ಬಂದಾಗ ಅಂಗಳದಲ್ಲಿ ಎಲ್ಲರೂ ನಗುತ್ತಿದ್ದರು. ಪೆಟ್ಟಿಗೆ ಸುಮ್ಮನಾಗಿತ್ತು. ಧಣಿ ನನ್ನ ಬೆನ್ನು ತಟ್ಟಿ ಭಲೇ ಕಾರಿಗರ ಎಂದರು. ನಾನು ಕಂಡದ್ದನ್ನು ಹೇಳಿದೆ, ಗುಡಿಸಲಿಗೆ ಬಂದು ನೋಡಿ ಎಂದೆ. ಅವರ ಮುಖ ಗಂಟಾಯಿತು. ರಿಪೇರಿ ಆಯಿತಲ್ಲ, ಆ ಮಾತು ಬಿಡು ಎಂದರು. ನಾನು ಬಿಡಲಿಲ್ಲ. ಹಾಗಾದರೆ ದೋಷ ಬರ್ಫದಲ್ಲೇ ಇತ್ತು, ದಿನವೂ ಅದನ್ನು ನಿಂಗಮ್ಮನಿಗೆ ಕೊಟ್ಟು ಕಳಿಸದಿದ್ದರೆ ಬಡಿತ ಮರಳುತ್ತದೆ ಎಂದು ನಾಲ್ಕು ಜನರೆದುರೇ ಹೇಳಿದೆ. ಮಾಟಕ್ಕೆ ಹೆದರುವವರು ಇದಕ್ಕೂ ಹೆದರಿದರು. ಪಟೇಲನ ಮಾತು ಮತ್ತೆ ಬರಲಿಲ್ಲ.

ಗುಡಿಸಲಿನ ಸದ್ದು ಇಲ್ಲಿಯವರೆಗೆ ಬರುತ್ತದೆಯೇ ನೋಡಲು, ಹೊರಡುವ ಮುನ್ನ ನಿಂಗಮ್ಮನಿಗೆ ಹೇಳಿ ಆ ಹೊರಸಿನ ಕಾಲನ್ನು ಕಲ್ಲಿನಿಂದ ಬಡಿಸಿದೆ. ಅಂಗಳದಲ್ಲಿ ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತ ನನಗೆ ಏನೂ ಕೇಳಿಸಲಿಲ್ಲ.

ಹನುಮವ್ವ ಬದುಕಿದಳು. ಮುಂದೆ ಅವಳನ್ನು ಸಿಂಧನೂರಿನ ಕಡೆ ಕೊಟ್ಟರು. ಕೆಲ ವರ್ಷಗಳ ಮೇಲೆ ಒಂದು ಮಧ್ಯಾಹ್ನ ತಾಯಿಯೊಡನೆ ನನ್ನ ಅಂಗಡಿಗೆ ಬಂದಳು. ಜ್ವರದಲ್ಲಿ ಹೊರಸಿಗೆ ಕೈ ಬಡಿಯುತ್ತಿದ್ದೆಯಲ್ಲ, ನೆನಪಿದೆಯೇ ಎಂದು ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹೊರಸು ಬಡದದ್ದು ಗೊತ್ತಿಲ್ಲರಿ ಅಣ್ಣಾರ. ಯಾರದೋ ಬಾಗಿಲ ಮುಂದ ನಿಂತು ಬಡ್ಯಾಕತ್ತಿದ್ದೆ. ಒಳಗ ಭಾಳ ತಂಪಿತ್ತು. ಮಂದಿ ಮಾತಾಡೋದು ಕೇಳಸತಿತ್ತು. ಅವರಿಗೂ ನನ್ನ ಸಪ್ಪಳ ಕೇಳಸತಿತ್ತರಿ, ಅದು ನನಗ ಗೊತ್ತು. ಯಾರೂ ತೆಗೀಲಿಲ್ಲ."