ಹೊರಡುವ ಮುನ್ನದ ಒಂದು ನಿಮಿಷ

ಆಸ್ಪತ್ರೆಯ ಕೀರ್ತಿ ಶಸ್ತ್ರವೈದ್ಯರಿಗೆ, ಅಪಕೀರ್ತಿ ಲಿಫ್ಟಿಗೆ ಸಲ್ಲುವುದು ವಾಡಿಕೆ. ಇವೆರಡರ ನಡುವೆ, ತುರ್ತು ವಿಭಾಗದಿಂದ ಹೊರಟ ರೋಗಿಯ ಪ್ರಾಣ ದಾರಿಯುದ್ದಕ್ಕೂ ಯಾರ ಕೈಯಲ್ಲಿರುತ್ತದೆ ಎಂದು ಕೇಳುವವರು ಕಡಿಮೆ. ಮೂವತ್ತನಾಲ್ಕು ವರ್ಷ ಆ ದಾರಿಯಲ್ಲಿ ಸ್ಟ್ರೆಚರ್ ತಳ್ಳಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಹಾಯಕರ ಕೈಯಲ್ಲಿ ಎಂಬುದೇ ಅದಕ್ಕೆ ಉತ್ತರ. ಇಡೀ ಆಸ್ಪತ್ರೆಗೆ ಅವರು 'ಒಂದ್ನಿಮಿಷದಣ್ಣ'. ಬಿರುದು ಪ್ರೀತಿಯಿಂದ ಬಂದದ್ದಲ್ಲ. ಕಾದು ಕಾದು ಬೇಸತ್ತ ವೈದ್ಯರೊಬ್ಬರ ಬಾಯಿಂದ ಉದುರಿದ್ದು.

ಸೇವೆಗೆ ಸೇರಿದ ಹೊಸದರಲ್ಲಿ ಅವರು ಕಾಲಿಗೆ ಚಕ್ರ ಕಟ್ಟಿಕೊಂಡವರೆಂದೇ ಹೆಸರಾಗಿದ್ದರು. ಏಳನೆಯ ವರ್ಷದ ಒಂದು ಬೆಳಿಗ್ಗೆ, ಉಸಿರಿಗೆ ಒದ್ದಾಡುತ್ತಿದ್ದ ಟೈಲರೊಬ್ಬರನ್ನು ಮೇಲಿನ ಮಹಡಿಗೆ ಒಯ್ಯಬೇಕಿತ್ತು. ಆಕ್ಸಿಜನ್ ಸಿಲಿಂಡರಿನ ಮೀಟರಿನಲ್ಲಿ ಮುಳ್ಳು ಮುಕ್ಕಾಲಿಗಿತ್ತು, ನೋಡಿದರು, ಹೊರಟರು. ಆದರೆ ವಾಲ್ವ್ ಮುಚ್ಚಿಯೇ ಇತ್ತು. ಹಿಂದಿನ ರೋಗಿಗೆ ಬಳಸಿ ಮುಚ್ಚಿದಾಗ ಮೀಟರಿನೊಳಗೆ ಉಳಿದುಹೋಗಿದ್ದ ಒತ್ತಡವೇ ಮುಳ್ಳನ್ನು ಎತ್ತಿ ಹಿಡಿದಿತ್ತು. ಆ ಉಳಿಕೆ ಕ್ಷಣಗಳಲ್ಲಿ ಮುಗಿಯಿತು. ಲಿಫ್ಟ್ ಮಾತ್ರ ಮಹಡಿ ಮಹಡಿಗೂ ನಿಂತು, ಬಾಗಿಲು ತೆರೆದು, ಎಲ್ಲರ ಕ್ಷೇಮ ವಿಚಾರಿಸಿಕೊಳ್ಳುವಂತೆ ಏರಿತು. ಮೇಲೆ ತಲಪಿದಾಗ ಟೈಲರ್ ಇರಲಿಲ್ಲ.

ವಿಚಾರಣೆ ಯಾರನ್ನೂ ದೂರಲಿಲ್ಲ. ವಿಚಾರಣೆಗಳ ಸ್ವಭಾವವೇ ಅದು. ಇವರೇ ಟೈಲರನ ಮನೆಗೆ ಹೋಗಿ, ಆತನ ಹೆಂಡತಿಯೆದುರು ನಡೆದದ್ದನ್ನು ನಡೆದಂತೆ ಹೇಳಿದರು. ಆಕೆ ಬೈಯಲಿಲ್ಲ. "ಒಂದು ನಿಮಿಷ ನಿಂತು ನೋಡಿದ್ರೆ ಆಗ್ತಿತ್ತಲ್ಲಪ್ಪ" ಎಂದರು, ಅಷ್ಟೆ. ಬೈಗುಳವಾಗಿದ್ದರೆ ಎಂದಾದರೂ ಮರೆತುಹೋಗುತ್ತಿತ್ತು.

ಅಂದಿನಿಂದ ಅವರ ಸ್ಟ್ರೆಚರ್ ಒಂದು ನಿಮಿಷ ನಿಲ್ಲದೆ ಹೊರಟದ್ದಿಲ್ಲ. ಕೈಯಿಟ್ಟು ವಾಲ್ವ್ ತಿರುಗಿಸುವುದು, ಮಾಸ್ಕನ್ನು ಕೆನ್ನೆಯ ಬಳಿ ಹಿಡಿದು ಗಾಳಿ ಬರುತ್ತಿದೆಯೇ ನೋಡುವುದು, ಪಕ್ಕದ ಕಂಬಿ ಎತ್ತುವುದು, ಲಿಫ್ಟ್ ಹಿಡಿಯಲು ಒಬ್ಬರನ್ನು ಮುಂದೆ ಕಳಿಸುವುದು. ಒಂದೊಂದನ್ನೂ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು "ಇದೆ" ಎನ್ನಬೇಕು. ಮುಹೂರ್ತ ನೋಡುತ್ತಿದ್ದೀರಾ ಎಂದು ವೈದ್ಯರು ಹಂಗಿಸಿದರೆ, "ಹೌದು ಡಾಕ್ಟ್ರೇ, ಇದು ತಪ್ಪಿದ್ರೆ ಮತ್ತೆ ಸಿಗಲ್ಲ" ಎನ್ನುತ್ತಿದ್ದರು. ಈಗ ತುರ್ತು ವಿಭಾಗದ ಮುಖ್ಯ ದಾದಿಯಾಗಿರುವವರು ಕೆಲಸಕ್ಕೆ ಸೇರಿದ ವಾರ "ಇದೆ" ಎನ್ನದೆ ಹೊರಟಾಗ, ಇವರು ಚಕ್ರದ ಬ್ರೇಕಿನ ಮೇಲೆ ಕಾಲಿಟ್ಟು ನಿಂತರು. ಆಕೆ ಅತ್ತಾಗ ಚಹಾ ತಂದುಕೊಟ್ಟರು. ಕಾಲು ಮಾತ್ರ ತೆಗೆದದ್ದು "ಇದೆ" ಎಂದ ಮೇಲೆಯೇ.

ಕಳೆದ ವರ್ಷ ಒಂದು ಮಧ್ಯಾಹ್ನ ಅವರ ಹೆಂಡತಿಯನ್ನೇ ಉಸಿರುಕಟ್ಟಿದ ಸ್ಥಿತಿಯಲ್ಲಿ ಕರೆತಂದರು. ತಕ್ಷಣ ಮೇಲಿನ ನಿಗಾ ಘಟಕಕ್ಕೆ ಸಾಗಿಸಬೇಕಿತ್ತು. ಗೋಡೆಯ ಕೊಳವೆ ಕಳಚಿ ಸ್ಟ್ರೆಚರಿನ ಸಿಲಿಂಡರಿಗೆ ಸಿಕ್ಕಿಸಿದವರು ಇವರೇ. ತಳ್ಳಲು ಬಾಗಿದವರೂ ಇವರೇ. ಸ್ಟ್ರೆಚರ್ ಅಲುಗಲಿಲ್ಲ. ಬ್ರೇಕಿನ ಮೇಲೆ ಮುಖ್ಯ ದಾದಿಯ ಕಾಲಿತ್ತು.

"ಒಂದು ನಿಮಿಷ ಅಣ್ಣ."

"ನೋಡಿದೀನಿ ಸಿಸ್ಟರ್, ಮುಕ್ಕಾಲಿದೆ. ಬಿಡಿ ತಾಯಿ, ಬಿಡಿ."

"ಕೈಯಿಟ್ಟು ಹೇಳಿ."

ಕೈಯಿಟ್ಟರು. ವಾಲ್ವ್ ಮುಚ್ಚಿತ್ತು.

ತೆರೆದದ್ದು ದಾದಿ. ಮಿಕ್ಕ ದಾರಿಯನ್ನು ಬೇರೆಯವರು ತಳ್ಳಿದರು. ಇವರು ಹೆಂಡತಿಯ ಚಪ್ಪಲಿಗಳನ್ನು ಎದೆಗವಚಿಕೊಂಡು ಹಿಂದೆ ನಡೆದರು.

ಆಕೆ ಮೇಲೆ ನಾಲ್ಕು ದಿನ ಇದ್ದರು. ಎರಡನೆಯ ದಿನ ಮಾಸ್ಕ್ ಸರಿಸಿ, ಊಟ ಮಾಡಿದಿರಾ ಎಂದು ಕೇಳಿದರು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಕ್ಕೆ ಗದರಿದರು. ಮೂರನೆಯ ದಿನ ಮಗಳ ಕೈ ಹಿಡಿದು ಒಂದಿಷ್ಟು ನಕ್ಕರು. ಐದನೆಯ ಬೆಳಿಗ್ಗೆ ಹೋದರು. ಆದರೆ ದಾರಿಯಲ್ಲಿ ಅಲ್ಲ. ತಮಗೆ ಸಿಕ್ಕ ನಾಲ್ಕು ದಿನ ಟೈಲರನ ಹೆಂಡತಿಗೆ ಸಿಗಲಿಲ್ಲವಲ್ಲ ಎಂದು ಅವರು ಒಮ್ಮೆ ಮಾತ್ರ ಹೇಳಿದರು.

ನಿವೃತ್ತಿಯ ನಂತರವೂ ಸೋಮವಾರಗಳಂದು ಬಂದು ಹೊಸಬರಿಗೆ ಕಲಿಸಲು ಅವರು ಒಪ್ಪಿದ್ದಾರೆ. ಅವರ ಆಯುಸ್ಸು ದೀರ್ಘವಾಗಲಿ, ಕಾಲಿನ ಬಲ ಕುಂದದಿರಲಿ. ಅಣ್ಣ, ಹೊರಡುವ ಆತುರ ನಿಮಗೂ ಬೇಡ. ಬ್ರೇಕಿನ ಮೇಲೆ ನಮ್ಮೆಲ್ಲರ ಕಾಲಿದೆ.