ಭಾವ ಬಿಚ್ಚಿದ ಆಂಪ್ಲಿಫೈಯರ್

ನಮ್ಮ ಭಾವ ಕೂತಲ್ಲಿ ಕೂರುವ ಜೀವವಲ್ಲ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿ ಓಡಿಸಿ, ಮನೆಯೊಳಗೂ ಹಿಂದೆ ಯಾರೋ ನರಳುತ್ತಿದ್ದಾರೆ ಅನ್ನಿಸುತ್ತದೋ ಏನೋ, ಟೀ ಲೋಟ ಹಿಡಿದುಕೊಂಡೇ ಮೂರು ಕೋಣೆ ಸುತ್ತುತ್ತಾರೆ. ನೀನು ಇವರನ್ನು ಕಟ್ಟಿಕೊಂಡ ಮೇಲೆ ಮನೆಯ ನೆಲವೇ ಸವೆದುಹೋಯಿತು ಅಂತ ನಾನಂದರೆ ಅಕ್ಕನಿಗೆ ಕೋಪ, ಭಾವನಿಗೆ ನಗು. ನನ್ನ ನಾಲಿಗೆಗೆ ಮೆಚ್ಚಿ ಅವರು ನನಗಿಟ್ಟ ಹೆಸರು ‘ಕತ್ತರಿ’. ಕಸುಬಿಗೂ ಸರಿಯಾಗಿಯೇ ಇದೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಅಲ್ಲಿರುವುದು ಒಂದು ಮಷೀನು, ಒಂದು ಇಸ್ತ್ರಿಪೆಟ್ಟಿಗೆ, ಬಟ್ಟೆ ಕತ್ತರಿಸುವ ಒಂದು ಉದ್ದ ಮೇಜು. ಆ ಮೇಜಿನ ವಿಷಯಕ್ಕೆ ಬಂದರೆ ನಾನು ಯಾರ ಮುಲಾಜೂ ನೋಡುವವಳಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ ಹೇಳಿದರು, “ಮುಂದಿನ ತಿಂಗಳು ಡ್ರೈವರ್‌ಗಳಿಗೆಲ್ಲ ಕಿವಿ ಪರೀಕ್ಷೆಯಂತೆ. ಫೇಲಾದವ್ರು ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಸ್ಟೋರ್ ರೂಮಲ್ಲಿ ಕೂತು ಬ್ಯಾಂಡೇಜ್ ಎಣಿಸ್ಬೇಕು.”

“ನಿಮಗೇನಾಗಿದೆ ಬಿಡಿ,” ಅಂದಳು ಅಕ್ಕ.

ಭಾವ ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಈ ಮನುಷ್ಯನನ್ನು ಒಂದೇ ಕಡೆ ಕೂರಿಸಿ ಬ್ಯಾಂಡೇಜ್ ಎಣಿಸಲು ಹೇಳಿದರೆ ಒಂದು ವಾರ ಉಳಿಯುವುದಿಲ್ಲ ಅಂತ ನಾನು ಆಗಲೇ ಅಂದುಕೊಂಡೆ.

ಮೂರು ದಿನಕ್ಕೆ ಶುರುವಾಯಿತು ನೋಡಿ. ತಮ್ಮ ಹಳೆ ಕಾರಿನ ಸೀಟಿನಡಿಯಿಂದ ಹಾಡಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರನ್ನು ಕಿತ್ತು ತಂದು, ನಾನು ಹಾಸಿದ್ದ ನೀಲಿ ಬಟ್ಟೆಯ ಮೇಲೆಯೇ ಇಟ್ಟರು. ಇಟ್ಟಿಗೆಗಿಂತ ಸ್ವಲ್ಪ ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ, ಧೂಳು ತುಂಬಿದ್ದು.

“ಹಾಡು ಮಂಕಾಗಿದೆ ಕತ್ತರಿ. ತಾಳದ ಟಿಣ್ ಟಿಣ್ ಕೇಳೋದೇ ಇಲ್ಲ. ಇದು ಕೆಟ್ಟಿರ್ಬೇಕು.”

“ಕೆಟ್ಟಿದ್ರೆ ರಿಪೇರಿ ಅಂಗಡಿಗೆ ಕೊಡಿ. ನನ್ನ ಮೇಜೇನು ಗ್ಯಾರೇಜಾ?”

ಕೊಟ್ಟು ಬಂದರು, ಆದರೆ ಪೆಟ್ಟಿಗೆಯನ್ನಲ್ಲ, ತಮ್ಮನ್ನೇ. ಎರಡು ಬೀದಿ ಆಚೆ ಕಾರ್ ರೇಡಿಯೋ ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಬಲ್ಬ್ ಮಾಸ್ತರ್ ಅನ್ನುತ್ತಾರೆ. ಬ್ಯಾಟರಿಗೂ ಪೆಟ್ಟಿಗೆಗೂ ಮಧ್ಯೆ ಒಂದು ಹೆಡ್‌ಲೈಟ್ ಬಲ್ಬ್ ಸೇರಿಸದೆ ಅವರು ಏನನ್ನೂ ಚಾಲೂ ಮಾಡುವುದಿಲ್ಲ. ಒಳಗೆ ಎಲ್ಲೋ ಶಾರ್ಟ್ ಆಗಿದ್ದರೆ ಬಲ್ಬ್ ಝಗ್ಗನೆ ಉರಿಯುತ್ತದೆ, ಪೆಟ್ಟಿಗೆ ಸುಡದೆ ಉಳಿಯುತ್ತದೆ. ಡ್ಯೂಟಿ ಮುಗಿದ ಮೇಲೆ ದಿನಾ ಒಂದು ಗಂಟೆ ಅವರ ಹತ್ತಿರ ಕಲಿಯುವುದು, ಬಂದು ನನ್ನ ಮೇಜಿನ ಮೇಲೆ ಪ್ರಯೋಗ ಮಾಡುವುದು, ಇದೇ ಭಾವನ ಹೊಸ ಹುಚ್ಚಾಯಿತು.

ಸುಳ್ಳು ಯಾಕೆ ಹೇಳಲಿ, ಕೈಗುಣ ಚೆನ್ನಾಗಿತ್ತು. ಬೆಸುಗೆ ಕಡ್ಡಿ ಹಿಡಿದಾಗ ಮಾತ್ರ ಆ ಕೈ ಅಲುಗುತ್ತಿರಲಿಲ್ಲ. ಮಾಸ್ತರ್ ಗುಜರಿಯಿಂದ ಎತ್ತಿಟ್ಟಿದ್ದ ಪೆಟ್ಟಿಗೆಗಳನ್ನು ತಂದು, ಸುಟ್ಟ ಟ್ರಾನ್ಸಿಸ್ಟರ್ ಹುಡುಕಿ, ಕಿತ್ತು, ಹೊಸದು ಕೂರಿಸಿ, ಎರಡು ವಾರದಲ್ಲಿ ಮೂರಕ್ಕೆ ಜೀವ ಬರಿಸಿದರು. ಒಂದು ಸಲ ಮಾತ್ರ ಬಲ್ಬ್ ಕಣ್ಣು ಕುಕ್ಕುವ ಹಾಗೆ ಉರಿಯಿತು. ಟ್ರಾನ್ಸಿಸ್ಟರು ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಅಡಿ ಇಡಬೇಕಾದ ಅಭ್ರಕದ ತೆಳು ಹಾಳೆಯೇ ಇರಲಿಲ್ಲ. ಅರ್ಧ ದಿನ ಹುಡುಕಿದೆವು. ಕೊನೆಗೆ ಅದು ನಾನು ಹೊಲಿದ ಅಂಗಿಯೊಂದರ ಕಾಲರಿನೊಳಗೆ ಸಿಕ್ಕಿತು. ಯಾವುದೋ ಮಗು ಅದನ್ನು ತೊಟ್ಟು ಶಾಲೆಗೆ ಹೋಗುವುದರಲ್ಲಿತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮೈ ಉರಿಯಿತು.

ಗುಜರಿ ಪೆಟ್ಟಿಗೆಗಳೆಲ್ಲ ಸರಿಹೋದವು, ತಮ್ಮದೊಂದು ಬಿಟ್ಟು. ಅದನ್ನು ಬಿಚ್ಚುವುದು, ಏನೋ ಬದಲಿಸುವುದು, ಕಾರಿಗೆ ಹಾಕಿ ಕೇಳುವುದು, ಮುಖ ಸಪ್ಪಗೆ ಮಾಡಿಕೊಂಡು ಮತ್ತೆ ಕಿತ್ತು ತರುವುದು. ಏಳು ಸಲ ಬಿಚ್ಚಿದರು. ಸ್ಕ್ರೂಗಳ ತಲೆ ಸವೆದುಹೋಯಿತು. ಪರೀಕ್ಷೆ ಹತ್ತಿರವಾದಷ್ಟೂ ಭಾವ ಅನ್ನವನ್ನೂ ನಿಂತೇ ಉಣ್ಣತೊಡಗಿದರು. ನೋಡಿ ನೋಡಿ ನನಗೂ ಸೂಜಿಗೆ ದಾರ ಪೋಣಿಸಲಾಗದಷ್ಟು ತಳಮಳ ಹತ್ತಿತು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಪಕ್ಕದ ಮನೆಯ ಟ್ಯಾಕ್ಸಿಯವನ ಪೆಟ್ಟಿಗೆ ರಿಪೇರಿಗೆ ಬಂತು. ಬೆಳಿಗ್ಗೆಯೆಲ್ಲ ಕೂತು ಸರಿಮಾಡಿ, ಸ್ಪೀಕರಿಗೆ ಜೋಡಿಸಿ, ಮನೆಮಂದಿಯನ್ನೆಲ್ಲ ಕರೆದರು. ಸ್ವಿಚ್ ಹಾಕಿದ್ದೇ ತಡ, ಹಾಡಿನ ಜೊತೆಗೆ ಕುಂಯ್ ಅಂತ ಸೂಜಿಯಂಥ ಕೀರಲು ಸದ್ದು ತಲೆಯೊಳಗೆ ನುಗ್ಗಿತು. ಅಕ್ಕ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಟ್ಯಾಕ್ಸಿಯವನು ಬಾಗಿಲಾಚೆಗೆ ಹೋಗಿ ನಿಂತ. ಭಾವ ಮಾತ್ರ ತಲೆದೂಗುತ್ತ, ನಗುತ್ತ, “ಹೆಂಗಿದೆ? ನೀರು ಕುಡಿದಷ್ಟು ಸಲೀಸಾಗಿದೆ ಅಲ್ವಾ?” ಅಂದರು.

ನನ್ನ ಪಿತ್ತ ನೆತ್ತಿಗೇರಿತು. “ಆರಿಸಿ ಅದನ್ನ. ಕಿವುಡೇನು ನಿಮಗೆ?”

ದಿನಕ್ಕೆ ಹತ್ತು ಸಲ ಹತ್ತು ಜನಕ್ಕೆ ಅನ್ನುವ ಮಾತು. ಭಾವ ನನ್ನನ್ನು ನೋಡಿದರು, ಆಮೇಲೆ ಅಕ್ಕನ ಕಿವಿಯ ಮೇಲಿದ್ದ ಕೈಗಳನ್ನು ನೋಡಿದರು. ಸ್ವಿಚ್ ಆರಿಸಿ ಹೊರಗೆ ಹೋದರು. ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ, ಮಾತು ಆಡಿಯಾಗಿತ್ತು.

ಅವತ್ತೇ ಮಧ್ಯಾಹ್ನ ಭಾವನ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಮಾಸ್ತರ ಅಂಗಡಿಗೆ ಹೋದೆ. ಅವರು ಬಲ್ಬ್ ಸೇರಿಸಿ ಜೋಡಿಸಿದರು. ಹಾಡು ಬಂತು, ತಾಳದ ಟಿಣ್ ಟಿಣ್ ಒಂದೊಂದೂ ಗಾಜಿನ ಹಾಗೆ ಸ್ಪಷ್ಟ.

“ಇದಕ್ಕೇನೂ ಆಗಿಲ್ಲಮ್ಮ,” ಅಂದರು ಮಾಸ್ತರ್. “ಮೊದಲ ದಿನಾನೇ ನಿಮ್ಮ ಭಾವಂಗೆ ಹೇಳ್ದೆ. ಅದಕ್ಕವ್ರು, ‘ನಿಮಗೆ ವಯಸ್ಸಾಯ್ತು, ಗೊತ್ತಾಗ್ತಿಲ್ಲ, ನಂಗೇ ಕಲಿಸಿ, ನಾನೇ ಹುಡುಕ್ತೀನಿ’ ಅಂದ್ರು. ಹಟದ ಮನುಷ್ಯ, ಕಲಿತೂಬಿಟ್ರು.”

ಪೆಟ್ಟಿಗೆ ಹೊತ್ತು ವಾಪಸು ಬಂದಾಗ ಭಾವ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಎಲ್ಲಿಗೆ ಹೋಗಿದ್ದೆ ಅಂತ ಚೀಲ ನೋಡಿಯೇ ಅರ್ಥಮಾಡಿಕೊಂಡರು.

“ಭಾವ, ನಾನು ಬೇಕು ಅಂತ ಅನ್ಲಿಲ್ಲ,” ಅಂದೆ.

“ಗೊತ್ತಮ್ಮ,” ಅಂದರು. “ಹೋದ ತಿಂಗಳು ಗಾಡಿ ಹಿಂದೆ ಕೂತಿದ್ದ ನರ್ಸು, ನಿಲ್ಸಿ ನಿಲ್ಸಿ ಅಂತ ಮೂರು ಸಲ ಕೂಗಿದ್ರಂತೆ. ಪೇಷೆಂಟಿಗೆ ವಾಂತಿ ಬಂದಿತ್ತಂತೆ. ನಂಗೆ ಒಂದೂ ಕೇಳಿಸ್ಲಿಲ್ಲ. ದೇವರ ದಯ, ಏನೂ ಆಗ್ಲಿಲ್ಲ.”

ಅಕ್ಕ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು ಅಂತ ಅವಳ ಮುಖ ನೋಡಿದಾಗಲೇ ನನಗೆ ಹೊಳೆದದ್ದು. ಬಂದು ಗಂಡನ ಪಕ್ಕ ಕೂತಳು. “ರೀ, ಉಳಿದ ಡ್ರೈವರ್‌ಗಳು ಏನೋ ಉಪಾಯ ಹೇಳಿದ್ರು ಅಂದಿದ್ರಲ್ಲ.”

ಉಪಾಯ ಇಷ್ಟೇ. ಪರೀಕ್ಷೆಯಲ್ಲಿ ಗಾಜಿನ ಕಿಟಕಿಯಿರುವ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಪರೀಕ್ಷೆ ಮಾಡುವಾಕೆ ಕಿಟಕಿಯಾಚೆ ಯಂತ್ರದ ಮುಂದೆ ಕೂತಿರುತ್ತಾಳೆ. ಪ್ರತಿ ಸಲ ಸದ್ದು ಬಿಡುವಾಗ ಅವಳ ಮೊಣಕೈ ಚೂರು ಅಲುಗುತ್ತದೆ. ಮೊಣಕೈ ನೋಡಿಕೊಂಡು ಒತ್ತಿದರೆ ಪಾಸು. ಮೊದಲ ತಂಡದಲ್ಲಿ ಈಗಾಗಲೇ ಇಬ್ಬರು ಹಾಗೇ ಪಾಸಾಗಿದ್ದರಂತೆ.

“ನೀವೂ ಹಂಗೇ ಮಾಡಿ. ಸ್ಟೋರ್ ರೂಮಲ್ಲಿ ಕೂತ್ರೆ ನೀವು ಬದುಕಲ್ಲ,” ಅಂದಳು ಅಕ್ಕ.

“ನೋಡೋಣ,” ಅಂದರು ಭಾವ.

ಪರೀಕ್ಷೆಯ ದಿನ ಅಕ್ಕ ಬರಲೊಲ್ಲೆ ಅಂದಳು. ನಾನು ಹೋದೆ. ಕಾರಿಡಾರಿನ ಕೊನೆಯ ಕೋಣೆ. ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ನಾನು, ನನ್ನ ಮುಂದೆ ಯಂತ್ರ ಹಿಡಿದು ಕೂತಾಕೆ, ಆಕೆಯ ಮುಂದೆ ಗಾಜು, ಗಾಜಿನಾಚೆ ಭಾವ. ಮೊಣಕೈ ನನಗೂ ಚೆನ್ನಾಗಿ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ನಾನಂತೂ ದೇವರಿಗೆ ಕೈ ಮುಗಿದು ಮೋಸ ಮಾಡಿಸಪ್ಪಾ ಅಂತ ಬೇಡಿಕೊಂಡೆ. ಅದರಲ್ಲಿ ನನಗೆ ನಾಚಿಕೆಯೂ ಇರಲಿಲ್ಲ.

ಭಾವ ಹೆಡ್‌ಫೋನ್ ಹಾಕಿಕೊಂಡರು. ಒಂದು ಗಳಿಗೆ ಆಕೆಯ ಕಡೆ ನೋಡಿದರು. ಆಮೇಲೆ ಎದ್ದು ನಿಂತು, ಕುರ್ಚಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತರು.

“ಸರ್, ಈ ಕಡೆ ತಿರುಗಿ ಕೂರಬಹುದು,” ಅಂದಳು ಆಕೆ ಮೈಕಿನಲ್ಲಿ.

“ಬೇಡಮ್ಮ. ಹೀಗೇ ಇರ್ಲಿ.”

ಮೊಣಕೈ ಅಲುಗಿತು. ಭಾವ ಗುಂಡಿ ಒತ್ತಿದರು, ಯಂತ್ರದ ಮೇಲೆ ಹಸಿರು ದೀಪ ಹತ್ತಿತು. ಮತ್ತೆ ಅಲುಗಿತು, ಮತ್ತೆ ಹತ್ತಿತು. ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ಮೊಣಕೈ ಅಲುಗಿತು, ದೀಪ ಹತ್ತಲಿಲ್ಲ. ಮತ್ತೆ ಅಲುಗಿತು. ಹತ್ತಲಿಲ್ಲ. ಎದ್ದು ಹೋಗಿ ಗಾಜು ಬಡಿಯಬೇಕು, ಈಗ ಒತ್ತಿ ಭಾವ, ಈಗ ಅಂತ ಕಿರುಚಬೇಕು ಅನ್ನಿಸಿತು. ಬೆಂಚಿನ ಅಂಚು ಹಿಡಿದು ಎಣಿಸುತ್ತ ಕೂತೆ. ಹನ್ನೊಂದು ಸಲ ಆ ಮೊಣಕೈ ಸುಮ್ಮಸುಮ್ಮನೆ ಅಲುಗಿತು.

ಭಾವ ಹೊರಗೆ ಬಂದರು. ಕಾರಿಡಾರಿನಲ್ಲಿ ಅವರ ಜೊತೆಯ ಡ್ರೈವರ್‌ಗಳೆಲ್ಲ ಸಾಲಾಗಿ ನಿಂತಿದ್ದರು.

“ನಾನು ಎಷ್ಟು ಬಿಟ್ಟೆ?” ಅಂತ ಭಾವ ನನ್ನನ್ನು ಕೇಳಿದರು.

ನಾನು ಡ್ರೈವರ್‌ಗಳ ಕಡೆ ನೋಡಿದೆ. ಭಾವ ಅಷ್ಟೂ ಜನರ ಎದುರಿಗೆ ತಲೆ ಬಗ್ಗಿಸಿ, ಕಿವಿಯ ಹಿಂದೆ ಅಂಗೈ ಇಟ್ಟು, ಆ ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರು.

“ಏನಂದೆ? ಸ್ವಲ್ಪ ಜೋರಾಗಿ ಹೇಳಮ್ಮ, ಕೇಳಿಸ್ಲಿಲ್ಲ.”

ನಾನಿನ್ನೂ ಏನೂ ಹೇಳಿರಲಿಲ್ಲ.